ಕೂಸಿಗೆ ಎರೆಯುವ ಕಾಲು

ಭರಮಮ್ಮನ ಮಗಳು ಚೆನ್ನಬಸಮ್ಮ ಚೊಚ್ಚಲ ಹೆರಿಗೆಗೆಂದು ಹೊಸಪೇಟೆಯ ತವರಿಗೆ ಬಂದಿದ್ದಳು. ಮನೆಯವರಿಗೆಲ್ಲ ಹಿಗ್ಗು. ಭರಮಮ್ಮನಿಗೆ ಮಾತ್ರ ಒಂದು ಚಿಂತೆ. ಹುಟ್ಟುವ ಕೂಸಿಗೆ ನೀರು ಎರೆಯುವವರು ಯಾರು?

ಎರೆಯಬೇಕಾದರೆ ಬಚ್ಚಲಲ್ಲಿ ನೆಲಕ್ಕೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ಭರಮಮ್ಮ ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

"ಎರಿಯಾಕ ಯಾರನ್ನಾರ ಗೊತ್ತು ಮಾಡೂಣು ಬಿಡವ್ವಾ," ಎಂದಳು ಮಗಳು.

ಮಗಳು ಒಳ್ಳೆಯದಕ್ಕೇ ಹೇಳಿದ್ದಳು. ಆದರೂ ಭರಮಮ್ಮನಿಗೆ ಅವತ್ತು ಊಟ ಸೇರಲಿಲ್ಲ.

ಕಂಪ್ಲಿ ಕಡೆಯ ಹಳ್ಳಿಯಲ್ಲಿದ್ದಾಗ ಅವಳು ಹೊತ್ತು ಮುಳುಗುವ ತನಕ ಬಗ್ಗಿ ಭತ್ತದ ಸಸಿ ನಾಟುತ್ತಿದ್ದಳು. ಕಾಲುವೆ ನೀರು ಕೈಹಿಡಿಯಿತು, ಪೇಟೆಯಲ್ಲಿ ಮನೆಯಾಯಿತು. ಈಗ ನೀರು ನಲ್ಲಿಯಲ್ಲಿ, ಒಲೆ ಕಟ್ಟೆಯ ಮೇಲೆ, ಕಸ ಮುಸುರೆಗೆ ಆಳು. ಮಾರ್ಕೆಟ್ಟಿಗೂ ಜಟಕಾ. ಗಂಡ ವಿರೂಪಾಕ್ಷಪ್ಪ ಓಣಿಯ ತುದಿಯ ಚಹಾದಂಗಡಿಗೂ ಫಟಫಟಿ ಬೈಕು ಹತ್ತುತ್ತಿದ್ದ.

ಪಕ್ಕದ ಮನೆಯ ಹುಸೇನಮ್ಮ ಆಸ್ಪತ್ರೆಯಲ್ಲಿ ನರ್ಸು. ಚೆನ್ನಬಸಮ್ಮನನ್ನು ನೋಡಲು ಬಂದವಳು ತಾಯಿಯ ಮುಖವನ್ನೂ ನೋಡಿದಳು.

"ಯಾಕಕ್ಕಾ, ಮಾರಿ ಸಣ್ಣ ಮಾಡೀರಿ?"

"ಮೊಣಕಾಲು, ತಾಯಿ. ಏನಾರ ಎಣ್ಣಿ ಇದ್ರ ಹೇಳು."

"ಎಣ್ಣಿ ಹಚ್ಚಿದ್ರ ಹಚ್ಚಿದ ಹೊತ್ತಿಗೆ ಹಾಯ್ ಅನಸತೈತಿ. ನಡೀತೀರೇನು?"

"ಎಲ್ಲಿಗೆ ನಡೀಲಿ? ಎಲ್ಲಾ ಮನಿ ಬಾಗಿಲಿಗೇ ಬರತೈತಿ."

"ಅದಽ ಆಗಿದ್ದು. ಕೀಲು ಬಾಗಿಲಿನ ತಿರುಗಣಿ ಇದ್ದಂಗ. ತೆಗೆದು ಮುಚ್ಚಿ ಮಾಡ್ದಿದ್ರ ಬಿಗೀತೈತಿ. ಮೊದಲು ಡಾಕ್ಟರಿಗೆ ತೋರಸ್ರಿ, ಬಿ.ಪಿ., ಸಕ್ಕರಿನೂ ನೋಡ್ಲಿ. ಅವರು ಹೂಂ ಅಂದ್ರ ದಿನಾ ಕಾಲುವಿ ಏರಿಮ್ಯಾಲೆ ಒಂದೀಟು ನಡೀರಿ. ಬರಬರ್ತಾ ಅರ್ಧ ತಾಸಿಗೆ ತರ್ರಿ."

ವಿರೂಪಾಕ್ಷಪ್ಪ ಪೇಪರಿನ ಹಿಂದಿನಿಂದಲೇ ಮಾತಾಡಿದ. "ನಡಕೋತ ಹೋದ್ರ ಮಂದಿ ಏನಂತಾರ? ಗದ್ದಿ ಮಾರಿಕೊಂಡ್ರು ಅಂತಾರ."

"ಅನ್ನೋ ಮಂದಿ ಬಂದು ಕೂಸಿಗೆ ಎರೀತಾರೇನ್ರಿ ಮಾವಾ?" ಎಂದಳು ಹುಸೇನಮ್ಮ.

ವಿರೂಪಾಕ್ಷಪ್ಪ ಪೇಪರಿನ ಹಾಳೆ ತಿರುವಿದ.

ಡಾಕ್ಟರು ಪರೀಕ್ಷೆ ಮಾಡಿ, ನಡೆಯಲು ಅಡ್ಡಿಯಿಲ್ಲ ಎಂದರು. ಮರುದಿನ ಬೆಳಿಗ್ಗೆ ಭರಮಮ್ಮ ಸೆರಗು ಬಿಗಿದು ಹೊರಟಳು. ಕಾಲುವೆಯ ಆಚೆ ಬಾಳೆತೋಟ, ತಂಪು ಗಾಳಿ. ಅಷ್ಟರಲ್ಲಿ ಅವರ ಹಳ್ಳಿಯ ಕೆಂಚಣ್ಣ ಸೈಕಲ್ಲಿನಲ್ಲಿ ಎದುರಾದ. ಭರಮಮ್ಮನಿಗೆ ತಿರುಗಿ ಮನೆಗೆ ಹೋಗಿಬಿಡಬೇಕು ಅನ್ನಿಸಿತು.

"ಏನ್ ಅತ್ತಿಗೆಮ್ಮಾ, ನಡಕೋತ ಹೊಂಟೀರಿ? ಬೆಳಿ ಕೈಕೊಡ್ತೇನು?"

ಅವಳು ತಿರುಗಿ ಹೋಗಲಿಲ್ಲ, ನಿಂತಳು. ಆಮೇಲೆ ಹೇಳಿದಳು, "ಬೆಳಿ ಚಲೋ ಐತಿ, ಕೆಂಚಣ್ಣ. ಕಾಲು ಕೈಕೊಟ್ಟಾವು. ಮೊಮ್ಮಗು ಬರೋದ್ರಾಗ ಸರಿಮಾಡ್ಕೋಬೇಕು."

ಕೆಂಚಣ್ಣ ನಕ್ಕ. "ಹಂಗಾದ್ರ ಜಲ್ದಿ ನಡೀರಿ," ಎಂದು ದಾರಿ ಬಿಟ್ಟ.

ಮೊದಮೊದಲು ಕಾಲುವೆಯ ತೂಬಿನ ತನಕ ಹೋಗುವಷ್ಟರಲ್ಲಿ ಸುಸ್ತು. ಹುಸೇನಮ್ಮ ಹೇಳಿದಂತೆ ಕುರ್ಚಿಯ ಮೇಲೆ ಕೂತು ಏಳುವುದನ್ನೂ ನಿಧಾನವಾಗಿ ರೂಢಿ ಮಾಡಿದಳು. ಮೊಣಕಾಲು ಹೆಚ್ಚು ನೊಂದ ದಿನ ಕಡಿಮೆ ನಡೆದಳು. ನಡಿಗೆಯನ್ನು ಮಾತ್ರ ಬಿಡಲಿಲ್ಲ. ಕೆಲವು ವಾರ ಕಳೆದ ಮೇಲೆ ರಾತ್ರಿ ನಿದ್ದೆ ಚೆನ್ನಾಗಿ ಹತ್ತತೊಡಗಿತು. ಒಂದು ದಿನ ವಿರೂಪಾಕ್ಷಪ್ಪನೂ ಚಪ್ಪಲಿ ಮೆಟ್ಟಿ ಹಿಂದೆ ಬಂದ.

"ಯಾಕ್ರೀ, ಫಟಫಟಿ ಕೆಟ್ಟೈತೇನು?"

"ನೀ ಒಬ್ಬಾಕೀನ ಹೋಗ್ತಿ ಅಂತ ಬಂದೆ," ಎಂದ. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕೂತವನು ಅವನೇ. ಮರುದಿನವೂ ಬಂದ.

ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಎರೆಯುವ ದಿನ ಭರಮಮ್ಮ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಕಾಲು ಚಾಚಿ, "ಕೊಡವ್ವಾ," ಎಂದಳು. ಉಗುರುಬೆಚ್ಚಗಿನ ನೀರು ಬೀಳುತ್ತಲೇ ಕೂಸು ಕಿರುಚಿ ಅತ್ತಿತು, ಆಮೇಲೆ ಅಜ್ಜಿಯ ಕಾಲ ಮೇಲೆ ಹಾಗೇ ಹಗುರಾಯಿತು. ಚೆನ್ನಬಸಮ್ಮ ಕೂಸನ್ನು ಎತ್ತಿಕೊಂಡು, ಅವ್ವನನ್ನು ಎಬ್ಬಿಸಲು ಕೈ ಚಾಚಿದಳು.

"ನೀ ಕೂಸನ್ನ ಹಿಡಕೋ. ನಾ ಏಳ್ತೀನಿ," ಎಂದಳು ಭರಮಮ್ಮ. ಎದ್ದಳು.

ಪೇಟೆಯಲ್ಲಿ ನೆಲೆಸಿದ ಅಕ್ಕಂದಿರೆ, ಅಣ್ಣಂದಿರೆ, ಸುಖ ಬಂದದ್ದು ಒಳ್ಳೆಯದೇ, ಅನುಭವಿಸಿ. ಆದರೆ ದುಡಿದ ಮೈಯನ್ನು ಪೂರಾ ಕೂರಿಸಿಬಿಡಬೇಡಿ. ಹತ್ತಿರದ ಅಂಗಡಿಗೆ ನಡೆದೇ ಹೋಗಿ. ದಿನಕ್ಕೆ ಅರ್ಧ ತಾಸು ಕಾಲಿಗೆ ಕೊಡಿ. ಎದೆನೋವು, ತಲೆಸುತ್ತು ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ನಾಳೆ ಬೆಳಿಗ್ಗೆ ಹೊರಡುವಾಗ ಪಕ್ಕದ ಮನೆಯವರನ್ನೂ ಕರೆಯಿರಿ. ಮಾತಾಡುತ್ತ ನಡೆದರೆ ದಾರಿ ಸವೆದದ್ದೇ ತಿಳಿಯುವುದಿಲ್ಲ.