ಬಾಣಲೆಯಲ್ಲಿ ಇಂಟರ್ನೆಟ್ ಹಿಡಿದ ತುಕಿಜಾನ್

ನನ್ನ ಹೆಂಡತಿ ಸೋಯಾಕಾಳಿನ ಟೆಂಪೆ ಕರಿಯುತ್ತಿದ್ದ ದೊಡ್ಡ ಬಾಣಲೆಗೆ ಹೇಳದೆ ಕೇಳದೆ ತೂತು ಕೊರೆದವನು ತುಕಿಜಾನ್. ಏಳು ವರ್ಷವಾಯಿತು, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ರೇಡಿಯೋ ರಿಪೇರಿಯ ಈ ಮನುಷ್ಯ ನೆಲ ನೋಡಿ ನಡೆದದ್ದನ್ನು ಕಂಡವರಿಲ್ಲ. ಕತ್ತೆತ್ತಿ ಬಿದಿರಿನ ತುದಿಯನ್ನೂ ಮಸೀದಿಯ ನೆತ್ತಿಯನ್ನೂ ಕಣ್ಣಲ್ಲೇ ಅಳೆಯುತ್ತ, ಕಾಲಿಗೆ ಸಿಕ್ಕ ಕೋಳಿಗಳನ್ನು ಎಡವುತ್ತ, ಕಡುಬೇಸಿಗೆಯಲ್ಲೂ ಬಿಚ್ಚದ ಹಸಿರು ಮಳೆಕೋಟಿನ ಜೇಬಿನಲ್ಲಿ ಸ್ಕ್ರೂಡ್ರೈವರ್ ಕುಲುಕಿಸುತ್ತ ಬರುವನು.

"ಬಾಣಲೇಲಿ ಇಂಟರ್ನೆಟ್ ಬಂದ್ರೆ ನಮ್ಮನೆ ಒಲೇಲಿ ಸಿನಿಮಾ ಬರುತ್ತೆ ಬಿಡಯ್ಯ!" ಎಂದು, ಆ ತೂತಿಗೆ ಆಂಟೆನಾ ಸಿಕ್ಕಿಸುತ್ತಿದ್ದವನನ್ನು ಅಣಕಿಸಿದ್ದೆ.

"ಸಿಗುತ್ತೆ ಕಾಂಗ್. ಸಿಗದೆ ಎಲ್ಲಿಗೆ ಹೋಗುತ್ತೆ?" ಕಾಂಗ್ ಎಂದರೆ ಅಣ್ಣ; ಉಳಿದದ್ದು ಅವನ ನಿತ್ಯಮಂತ್ರ.

ಸಿಕ್ಕಿತು. ತಂಬಾಕು ಹೆಚ್ಚುವ ವಿಧವೆ ವಾಗಿಯೆಮ್‌ಗೆ ಫೋನಿನ ಡೇಟಾ ಎಂದರೆ ಎರಡು ದಿನದ ಕೂಲಿ. ತೈವಾನಿನಲ್ಲಿ ಮನೆಗೆಲಸಕ್ಕಿದ್ದ ಮಗಳ ಮುಖ ಆಕೆಗೆ ತಿಂಗಳಿಗೊಮ್ಮೆ, ಅದೂ ಅರೆಗಳಿಗೆ. ಕೆಳಗಿನ ಪೇಟೆಯ ಅಂಗಡಿಯವನನ್ನು ಒಪ್ಪಿಸಿ, ಅವನ ಒಂದೇ ಇಂಟರ್ನೆಟ್ ಲೈನನ್ನು ಬಿದಿರುಗಂಬಕ್ಕೆ ಕಟ್ಟಿದ ಬಾಣಲೆಯಿಂದ ಬೆಟ್ಟದ ನಮ್ಮೂರಿಗೆ ಸೆಳೆದು, ತುಕಿಜಾನ್ ಇಪ್ಪತ್ಮೂರು ಮನೆಗೆ ಹಂಚಿದ. ರಾತ್ರಿ ಕಾವಲಿನವರಿಗೆಂದು ಮನೆಮುಂದಿನ ಡಬ್ಬಿಗೆ ಹಿಡಿ ಅಕ್ಕಿ ಹಾಕುವುದು ನಮ್ಮೂರ ಹಳೆಯ ರೂಢಿ. ದುಡ್ಡಿಲ್ಲದವರು ಇನ್ನೊಂದು ಹಿಡಿ ಹಾಕಿದರಾಯಿತು, ಇಂಟರ್ನೆಟ್‌ಗೆ ಅಷ್ಟೇ ಎಂದ.

ಒಂದು ಮಳೆಗಾಲ ಸಿಡಿಲಿಗೆ ಕಂಬದ ಮೇಲಿನ ಸಿಗ್ನಲ್ ಪೆಟ್ಟಿಗೆ ಸುಟ್ಟುಹೋಯಿತು. ವಾಗಿಯೆಮ್‌ಳ ಮಗಳು ಪರದೇಶದ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮಲಗಿದ್ದ ವಾರವೇ. ತಾಯಿ ಸತ್ತ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತುಕಿಜಾನ್ ನಾಲ್ಕು ದಿನ ನಾಪತ್ತೆ. ಐದನೆಯ ದಿನ ಬಂದವನನ್ನು ಊರೆದುರೇ ತಡೆದು, "ಬಡವರ ಅಕ್ಕಿ ತಿನ್ನೋ ಹೆಗ್ಗಣ!" ಎಂದು ಅರಚಿಬಿಟ್ಟೆ. ಅವನು ನೇರ ಬಿದಿರುಗಂಬ ಏರಿದ. ಮೂರು ಪೇಟೆ ಅಲೆದು ಹಳೆಯ ಪೆಟ್ಟಿಗೆಯೊಂದನ್ನು ಹುಡುಕಿ ತಂದಿದ್ದನಂತೆ.

ಅರ್ಧ ಗಂಟೆಯಲ್ಲಿ ವಾಗಿಯೆಮ್‌ಳ ದನಿ ಬೀದಿಗೆಲ್ಲ ಕೇಳಿತು: "ಎದ್ದು ಕೂತಿದೀಯಾ! ಗಂಜಿ ಕುಡಿದ್ಯೇನೇ? ಸರಿಯಾಗಿ ಮುಖ ತೋರ್ಸೇ!"

ರಂಜಾನ್ ಉಪವಾಸ ಮುಗಿದ ಲೆಬಾರಾನ್ ಹಬ್ಬದ ಬೆಳಿಗ್ಗೆ ಮನೆಮನೆಗೆ ಹೋಗಿ ಕ್ಷಮೆ ಕೇಳುವುದು ನಮ್ಮ ಪದ್ಧತಿ. ತುಕಿಜಾನನ ಮನೆಗೂ ಹೋದೆ. ನಾನು ಬಾಯಿ ತೆರೆಯುವ ಮೊದಲೇ, "ಒಳ್ಳೇ ಟೈಮಿಗೆ ಬಂದ್ರಿ ಕಾಂಗ್, ಈ ಏಣಿ ಹಿಡ್ಕೊಳ್ಳಿ" ಎಂದು ಮೇಲೇರಿದ. ಇಳಿದವನು ಆಚೆ ಬೀದಿಯ ಇನ್ನಾರದೋ ಸೂರಿನತ್ತ ಓಡಿದ. ಇಂಥವರ ಕುಲವೇ ಹಾಗೆ: ಇಡೀ ಊರನ್ನು ಋಣದಲ್ಲಿ ಕೆಡವುತ್ತಾರೆ, ತೀರಿಸೋಣವೆಂದರೆ ನಿಂತು ಕೇಳುವ ಪುರುಸೊತ್ತು ಅವರಿಗಿಲ್ಲ. ಆಮೇಲೆ ಆರು ಹಬ್ಬ ಕಳೆದವು. ಆ ಕ್ಷಮೆ ನನ್ನ ಬಾಯಲ್ಲೇ ಇದೆ.