ನೀಲಗಂಗಾಳ ಮೂಗಿನ ಮೇಲೆ ಒಂಬತ್ತು ವರ್ಷ

ನಾನೊಂದು ದಪ್ಪ ಗಾಜಿನ ಕನ್ನಡಕ. ನನ್ನ ಲೋಹದ ಚೌಕಟ್ಟು ದೂರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿತು, ಗಾಜು ಹುಬ್ಬಳ್ಳಿಯಲ್ಲಿ ತಯಾರಾಯಿತು. ಎರಡೂ ಒಂದಾಗಿ ನಾನು ಕಣ್ಣು ತೆರೆದದ್ದು ಗದಗಿನಲ್ಲಿ, ಮೆಹರವಾಡೆ ಎಂಬ ಮುದುಕರ ಅಂಗಡಿಯ ಮೇಜಿನ ಮೇಲೆ. ಗಾಜಿಗೆ ಕಡುಚಹಾದ ಬಣ್ಣ ಕೊಟ್ಟಿದ್ದರು. ಅದು ಯಾಕೆಂದು ನನ್ನನ್ನು ಒಯ್ಯಲು ಬಂದವಳನ್ನು ಕಂಡಾಗ ತಿಳಿಯಿತು.

ಅವಳ ಹೆಸರು ನೀಲಗಂಗಾ. ಹುಟ್ಟುವಾಗಲೇ ಮೈಗೆ ಬಣ್ಣ ಬಾರದವಳು. ಕೂದಲು, ಹುಬ್ಬು, ರೆಪ್ಪೆ ಎಲ್ಲವೂ ಬಿಳಿ. ಬಿಸಿಲು ಬಿದ್ದರೆ ಕಣ್ಣು ಬಿಡಲಾಗದು. ನೆರಳಿನಲ್ಲೂ ನಾಲ್ಕು ಮಾರಿನಾಚೆ ಮಸುಕು. ಮೆಹರವಾಡೆ ನನ್ನನ್ನು ಅವಳ ಮೂಗಿನ ಮೇಲೆ ಕೂರಿಸಿ, "ಏನರ ಕಾಣಸ್ತದೇನ್ರಿ ಅಕ್ಕಾರ?" ಎಂದರು.

ಅವಳು ಬಾಗಿಲಾಚೆ ನೋಡಿ ನಕ್ಕಳು. "ಎದುರಿನ ಅಂಗಡ್ಯಾಂವ ಆಕಳಸಾಕತ್ತಾನ."

ಬೆಟಗೇರಿಯ ಒಂದು ಅಂಗನವಾಡಿಯಲ್ಲಿ ಅವಳು ಟೀಚರ್. ಮಧ್ಯಾಹ್ನದ ತನಕ ಮಕ್ಕಳ ಜೊತೆ. ಆಮೇಲೆ ಬಸುರಿಯರ, ಬಾಣಂತಿಯರ ಮನೆ ಮನೆ ತಿರುಗಾಟ. ಕೊಡೆ ಹಿಡಿದರೂ ಗದಗಿನ ಬಿಸಿಲು ನೆಲದಿಂದ ಚಿಮ್ಮಿ ಮುಖಕ್ಕೆ ಹೊಡೆಯುತ್ತಿತ್ತು. ಸಂಜೆಗೆ ಅವಳ ಮೂಗು, ಕೆನ್ನೆ ಕೆಂಪಾಗಿ ಉರಿಯುತ್ತಿದ್ದವು. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಮೊಸರು ಹಚ್ಚಿಕೊಂಡು ಕೂರುತ್ತಿದ್ದಳು. ಅಣ್ಣ ಈರಬಸಪ್ಪ ಅದೇ ಊರಿನಲ್ಲಿದ್ದ. ಅವನ ಮಗಳಿಗೆ ಗಂಡು ನೋಡುವ ಹೊತ್ತಿಗೆ ಒಮ್ಮೆ ಬಾಗಿಲಲ್ಲೇ ನಿಂತು, "ಬೀಗರು ಬರೋರದಾರ. ಸ್ವಲ್ಪ ದಿನ ಮನಿ ಕಡೆ ಬರಬ್ಯಾಡವಾ" ಎಂದಿದ್ದ. ಅವಳು "ಆತು" ಎಂದಳು. ನನ್ನನ್ನು ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದಳು. ನನ್ನ ಮೇಲೆ ಧೂಳೇನೂ ಇರಲಿಲ್ಲ.

ಎಂಟನೆಯ ವರ್ಷ ಅವಳ ಮೂಗಿನ ಎಡಬದಿಯಲ್ಲಿ, ಸರಿಯಾಗಿ ನಾನು ಒರಗುವ ಕಡೆ, ಮುತ್ತಿನಂಥ ಒಂದು ಗುಳ್ಳೆ ಎದ್ದಿತು. ಒಡೆಯಿತು, ಹಕ್ಕಳೆಗಟ್ಟಿತು, ಉದುರಿತು, ಮತ್ತೆ ಒಸರಿತು. "ಇದ ಚುಚ್ಚತೈತಿ" ಎಂದು ನನ್ನನ್ನೇ ದೂರಿದಳು. ಅರಿಸಿನ ಹಚ್ಚಿದಳು, ನನ್ನಡಿಗೆ ಹತ್ತಿ ಇಟ್ಟಳು. ಮುಂಜಾನೆ ಹತ್ತಿಗೆ ರಕ್ತ ಅಂಟಿರುತ್ತಿತ್ತು. ನಾನೂ ನಂಬಿದೆ. ನನಗೆ ಲೋಕ ತೋರಿಸಿಕೊಟ್ಟ ಮುಖವನ್ನು ನಾನೇ ಕೊರೆಯುತ್ತಿದ್ದೇನೆಂದು ಹತ್ತು ತಿಂಗಳು ನಂಬಿಕೊಂಡಿದ್ದೆ.

ಮೂರು ಸಲ ನನ್ನ ಮೂಗುಪಟ್ಟಿ ಬದಲಿಸಿದ್ದ ಮೆಹರವಾಡೆ ನಾಲ್ಕನೆಯ ಸಲ ಕೈ ತೊಳೆದುಕೊಂಡು ಬಂದು ದೀಪ ಹತ್ತಿರ ಹಿಡಿದರು.

"ಅಕ್ಕಾರ, ಐವತ್ತು ವರ್ಷ ಕನ್ನಡಕ ಕೂಡ್ರಸೀನಿ. ಇದು ಕನ್ನಡಕದ ಗಾಯ ಅಲ್ಲ. ಅದು ಒತ್ತಿದ್ರ ಎರಡೂ ಕಡೆ ಒತ್ತತಿತ್ತು. ನಾಳೆನ ಹುಬ್ಬಳ್ಳಿಗೆ ಹೋಗ್ರಿ."

ಅವಳು ಹೋದಳು. ದೊಡ್ಡ ಆಸ್ಪತ್ರೆಯಲ್ಲಿ ಗಾಯದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಡಾಕ್ಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: "ಚರ್ಮದ ಕ್ಯಾನ್ಸರ್ ಅಮ್ಮಾ. ಬಣ್ಣ ಇಲ್ಲದ ಚರ್ಮಕ್ಕೆ ಬಿಸಿಲು ತಡೆಯೋ ಶಕ್ತಿ ಇರಲ್ಲ. ಇದು ನಿಧಾನಕ್ಕೆ ಹರಡೋ ಜಾತಿ, ಪೂರ್ತಿ ತೆಗೀಬಹುದು. ಆದ್ರೆ ಮೂಗಿನ ಒಂದು ಭಾಗ ಹೋಗುತ್ತೆ. ಅಲ್ಲಿಗೆ ಹಣೆ ಚರ್ಮ ಇಳಿಸಿ ಹೊಲೀತೀವಿ. ಅದು ಹೊಸ ಜಾಗದಲ್ಲಿ ಜೀವ ಹಿಡಿಯೋಕೆ ಮೂರು ವಾರ ಬೇಕು. ಅಲ್ಲೀ ತನಕ ಹುಬ್ಬಿನಿಂದ ಮೂಗಿಗೆ ಒಂದು ಚರ್ಮದ ಪಟ್ಟಿ ಇರುತ್ತೆ. ಆಮೇಲೆ ಅದನ್ನ ಬಿಡಿಸ್ತೀವಿ."

ಅವಳು ಕ್ಯಾನ್ಸರ್ ಬಗ್ಗೆ ಏನೂ ಕೇಳಲಿಲ್ಲ. ನನ್ನನ್ನು ಮುಟ್ಟಿ ನೋಡಿಕೊಂಡು ಕೇಳಿದಳು: "ಹಂಗಾರ ಇದನ್ನ ಎಲ್ಲಿ ಹಾಕ್ಕೊಳ್ಳೂದ್ರಿ?"

"ಎರಡು ಮೂರು ತಿಂಗಳು ಹಾಕೋಹಾಗಿಲ್ಲ."

ಅಂದರೆ ಅಷ್ಟು ದಿನ ಕುರುಡು.

ಈರಬಸಪ್ಪ ಬಂದು ಸಹಿ ಮಾಡಿದ, ಒಂದು ರಾತ್ರಿ ಇದ್ದು ಹೋದ. ಮೊದಲು ಗಾಯ ಕೊಯ್ದು ತೆಗೆದರು. ಅಂಚಿನಲ್ಲಿ ಇನ್ನೂ ಉಳಿದಿದೆಯೆಂದು ವರದಿ ಬಂತು, ಮತ್ತೆ ಕೊಯ್ದರು. ಅಂಚು ಸ್ವಚ್ಛವೆಂದು ಗೊತ್ತಾದ ಮೇಲೆ ಹಣೆಯ ಚರ್ಮ ಇಳಿಸಿದರು. ಅಷ್ಟು ದಿನವೂ ನಾನು ಪೆಟ್ಟಿಗೆಯೊಳಗೆ, ಅವಳ ದಿಂಬಿನ ಕೆಳಗೆ. ಪಕ್ಕದ ಮಂಚಗಳಿಗೆ ಬುತ್ತಿ ಬರುತ್ತಿತ್ತು, ನಗು ಬರುತ್ತಿತ್ತು. ನಮ್ಮ ಮಂಚಕ್ಕೆ ನರ್ಸು ಬರುತ್ತಿದ್ದಳು. ನೀಲಗಂಗಾ ಆಗಾಗ ಪೆಟ್ಟಿಗೆ ತೆರೆದು ನನ್ನ ಕಡ್ಡಿಗಳನ್ನು ಬೆರಳಿನಿಂದ ಸವರಿ ಮತ್ತೆ ಮುಚ್ಚುತ್ತಿದ್ದಳು.

ಮನೆಗೆ ಬಂದ ಮೇಲೆ ಬಾಗಿಲು ಮುಚ್ಚಿಯೇ ಇತ್ತು. ಅಂಗನವಾಡಿಯ ಸಹಾಯಕಿ ಹುಸೇನಬಿ ದಿನಾ ಮಧ್ಯಾಹ್ನ ರೊಟ್ಟಿ ತರುತ್ತಿದ್ದಳು. ನೀಲಗಂಗಾ ಗೋಡೆ ಕಡೆ ಮುಖ ಮಾಡಿ, "ಅಲ್ಲೇ ಇಟ್ಟು ಹೋಗವಾ" ಎನ್ನುತ್ತಿದ್ದಳು. ಗೋಡೆಯ ಕನ್ನಡಿ ತೆಗೆಯಲಿಲ್ಲ. ತೆಗೆಯುವ ಅಗತ್ಯವೇ ಇರಲಿಲ್ಲ. ನಾನಿಲ್ಲದೆ ಅದರಲ್ಲಿ ಕಾಣುವುದು ಬರೀ ಬಿಳಿ ಮಸುಕು. ಗುಳಿಗೆಯ ಹೆಸರು ಓದಲು ನನ್ನನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಆದರೆ ಕನ್ನಡಿಯ ಮುಂದೆ ಒಮ್ಮೆಯೂ ಹಿಡಿಯಲಿಲ್ಲ.

ಹುಬ್ಬಳ್ಳಿಯಲ್ಲಿ ಚರ್ಮದ ಪಟ್ಟಿ ಬಿಡಿಸಿ ಹತ್ತು ದಿನವಾಗಿತ್ತು. ಹುಸೇನಬಿ ರೊಟ್ಟಿ ಇಟ್ಟವಳು ಹೋಗದೆ ಕೂತೇಬಿಟ್ಟಳು.

"ಟೀಚರ್ರ, ಮಕ್ಕಳು ದಿನಾ ಕೇಳ್ತಾವ. ನಾ ಏನ್ ಹೇಳ್ಲಿ?"

"ಅಂಜತಾವ."

"ನಿಮ್ಮನ್ನ ಮೊದಲನೇ ದಿನ ನೋಡಿದಾಗೂ ಅಂಜಿದ್ವು. ಮಧ್ಯಾಹ್ನ ಅನ್ನೂದ್ರಾಗ ತೊಡಿ ಮ್ಯಾಲ ಕುಂತಿದ್ವು ಇಲ್ಲೋ?"

ಅವಳು ಹೋದ ಮೇಲೆ ನೀಲಗಂಗಾ ನನ್ನನ್ನು ತೆಗೆದಳು. ಕನ್ನಡಿಯ ಮುಂದೆ ನಿಂತು, ಮೂಗಿಗೆ ತಾಗದಂತೆ, ಎರಡೂ ಕೈಯಲ್ಲಿ ಹಿಡಿದಳು. ಹಣೆಯ ನಡುವೆ ಉದ್ದನೆಯ ಗಾಯದ ಗೆರೆ. ಮೂಗಿನ ಎಡಭಾಗ ದಪ್ಪ, ಊದಿಕೊಂಡ ತೇಪೆ. ನಾನು ಅವಳನ್ನು ಅಷ್ಟು ನೇರವಾಗಿ ನೋಡಿದ್ದೂ ಅಪರೂಪವೇ. ಅವಳು ಅಳಲಿಲ್ಲ. ತೇಪೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಮುಟ್ಟಿ, "ಬೆಚ್ಚಗೈತಿ" ಎಂದಳು.

ತಿಂಗಳ ಮೇಲೆ ಕೆಲಸಕ್ಕೆ ಹೋದಳು. ನಾನು ಅವಳ ಕೈಚೀಲದಲ್ಲಿದ್ದೆ, ಕೇಳಿಸಿದ್ದಷ್ಟೇ ಹೇಳುತ್ತೇನೆ. ಒಳಗೆ ಕಾಲಿಟ್ಟೊಡನೆ ಗದ್ದಲ ನಿಂತಿತು. ಯಾವುದೋ ಮಗು ಅಳತೊಡಗಿತು. ಆಮೇಲೆ ಒಂದು ಸಣ್ಣ ದನಿ ಹತ್ತಿರ ಬಂತು.

"ಟೀಚರ್, ಮೂಗಿಗೆ ಏನಾತ್ರಿ?"

"ಕೆಟ್ಟಿತ್ತವಾ. ಹಣಿ ಚರ್ಮ ತಂದು ಹೊಲದ್ರು."

"ನೋವಾತೇನ್ರಿ?"

"ಬಾಳ ನೋವಾತು."

ದನಿ ಇನ್ನಷ್ಟು ಹತ್ತಿರ ಬಂತು. "ಇವತ್ತ ತತ್ತಿ ಕೊಡ್ತೀರೇನ್ರಿ?"

ನೀಲಗಂಗಾ ತಡೆತಡೆದು ನಕ್ಕದ್ದು ಕೇಳಿಸಿತು. ಹೊಲಿದ ಜಾಗ ಎಳೆಯುತ್ತಿತ್ತೇನೋ.

ಹೊಸ ಮೂಗಿಗೆ ನಾನು ಹೊಂದಲಿಲ್ಲ. ಎಡಕ್ಕೆ ಜಾರುತ್ತಿದ್ದೆ, ನನ್ನ ಭಾರ ಆ ಎಳೆ ಚರ್ಮಕ್ಕೆ ಹೆಚ್ಚಾಗುತ್ತಿತ್ತು. ಮೆಹರವಾಡೆ ಹಗುರಾದ ಚೌಕಟ್ಟು ತರಿಸಿ, ಹೊಸ ಗಾಜು ಹಾಕಿಕೊಟ್ಟರು. ಅವಳು ನನ್ನನ್ನು ಮೇಜಿನ ಮೇಲೆ ಬಿಟ್ಟು ಹೋದಳು. ತಿರುಗಿ ನೋಡಲಿಲ್ಲ. ಹೊಸದಾಗಿ ಕಂಡ ಬೀದಿಯಲ್ಲಿ ಅವಳಿಗೆ ನೋಡಲು ಬಹಳವಿತ್ತು.

ಈಗ ನಾನು ರಟ್ಟಿನ ಡಬ್ಬಿಯಲ್ಲಿದ್ದೇನೆ, ಮೂವತ್ತು ನಲವತ್ತು ಮುರುಕು ಚೌಕಟ್ಟುಗಳ ನಡುವೆ. ಇಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಎಲ್ಲರೂ ತಮ್ಮ ತಮ್ಮ ಮುಖದ ನೆನಪಿನಲ್ಲಿದ್ದಾರೆ. ಮೆಹರವಾಡೆ ತೀರಿಕೊಂಡರು. ಮಗಳು ಅಂಗಡಿ ನೋಡಿಕೊಳ್ಳುತ್ತಾಳೆ.

ಕಳೆದ ವಾರ ಪರಿಚಿತ ದನಿಯೊಂದು ಕೇಳಿಸಿತು. "ತಪಾಸಣಿಗೆ ಹುಬ್ಬಳ್ಳಿಗೆ ಹೊಂಟೀನವಾ. ಮೂರು ವರ್ಷಾತು, ಆ ಗಾಯ ಮತ್ತ ಎದ್ದಿಲ್ಲ. ಆದ್ರ ಇದರ ಕಡ್ಡಿ ಕಳಚಿ ಬಿತ್ತು ನೋಡು." ಮೆಹರವಾಡೆಯವರ ಮಗಳು ಡಬ್ಬಿಯನ್ನು ಕೆದಕಿ, ನನ್ನನ್ನೇ ಎತ್ತಿ, ಸಾಸಿವೆಗಿಂತ ಸಣ್ಣದಾದ ನನ್ನದೊಂದು ತಿರುಪನ್ನು ಬಿಚ್ಚಿ ಆ ಹೊಸ ಕನ್ನಡಕಕ್ಕೆ ಕೂರಿಸಿದಳು. ನನ್ನ ಒಂದು ಕಡ್ಡಿ ಕಳಚಿ ಡಬ್ಬಿಯೊಳಗೆ ಬಿತ್ತು.

ನೀಲಗಂಗಾ ಅದನ್ನು ಹಾಕಿಕೊಂಡು, ಕೊಡೆ ಬಿಚ್ಚಿ, ಬಸ್ಸಿಗೆ ಹೊರಟಳು. ಅದರ ತಿರುಪು ನನ್ನದೆಂದು ಅವಳಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.