ದಮ್ಮಿನ ಮುತ್ಯಾನ ನೊಗ

ಕರಜಗಿಯ ಖಂಡಪ್ಪ ಸತ್ತದ್ದು ಬೆಳಿಗ್ಗೆ, ಗೊತ್ತಾದದ್ದು ಮಧ್ಯಾಹ್ನ. ಇದರಲ್ಲಿ ಮನೆಯವರ ತಪ್ಪೇನೂ ಇಲ್ಲ. ಹುಟ್ಟಿದಾಗಿನಿಂದ ದಮ್ಮಿನ ರೋಗ ಅಂಟಿಕೊಂಡ ಮನುಷ್ಯ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಜೀವಮಾನವಿಡೀ ಕೂತೇ ನಿದ್ದೆ ಮಾಡಿದವನು. ಅವತ್ತೂ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಮೊಣಕಾಲು ಮಡಚಿ ಕೂತಿದ್ದ. ಹಗಲೂ ರಾತ್ರಿ ಅವನ ಎದೆಯಿಂದ ಬರುವ ಸೀಟಿ ಕೇಳಿಸದ್ದಕ್ಕೆ ಹೆಂಡತಿ ನಿಂಬೆವ್ವನಿಗೆ ಖುಷಿಯೇ ಆಯಿತು. ಇವತ್ತು ಆರಾಮ ಅದ, ನಿದ್ದಿ ಮಾಡಲಿ ಪಾಪ ಎಂದು ಸದ್ದಾಗದ ಹಾಗೆ ರೊಟ್ಟಿ ಬಡಿದಳು. ಸದ್ದಿಲ್ಲದೆ ರೊಟ್ಟಿ ಬಡಿಯುವುದು ಎಂಥ ಫಜೀತಿ ಅಂತ ಬಡಿದವರಿಗೇ ಗೊತ್ತು. ಬಂದವರಿಗೆಲ್ಲ ತುಟಿಗೆ ಬೆರಳಿಟ್ಟು 'ಶ್' ಅಂದಳು. ಊಟಕ್ಕೆ ಎಬ್ಬಿಸಲು ಹೋಗಿ ಕೈ ಮುಟ್ಟಿದಾಗ ಕೈ ತಣ್ಣಗಿತ್ತು.

ಅವನ ತೊಟ್ಟಿಲ ದಿನವೇ ಹಕೀಮನೊಬ್ಬ "ಈ ಕೂಸು ಯುಗಾದಿ ಕಾಣೂದಿಲ್ಲ" ಅಂದಿದ್ದನಂತೆ. ಆ ಹಕೀಮ ತೀರಿಕೊಂಡಾಗ ಮಣ್ಣಿಗೆ ಹೋದವರಲ್ಲಿ ಖಂಡಪ್ಪನೂ ಒಬ್ಬ. ದಾರಿಯುದ್ದಕ್ಕೂ ಕೂತು ಕೂತು ಹೋದ, ಆದರೆ ಹೋದ. ಹುಳಿ ತಿನ್ನಬೇಡ ಅಂದರು, ಕಂಡವರ ಹೊಲದ ಬಾರಿಹಣ್ಣು ಕದ್ದು ತಿಂದ. ನೀರಿಗಿಳಿಯಬೇಡ ಅಂದರು, ಸೋರೆಬುರುಡೆ ಕಟ್ಟಿಕೊಂಡು ಭೀಮೆಯಲ್ಲಿ ಈಸಿದ. ಹಾಡಬೇಡ ಅಂದರು, ಪದದ ಮೊದಲರ್ಧ ತಾನು ಹಾಡಿ, ದಮ್ಮು ತೀರಿದಲ್ಲಿಂದ ಗೆಳೆಯ ಲಾಲಸಾಬನ ಕೈಲಿ ಹಾಡಿಸಿದ. ಹಿಂದಿನ ವರ್ಷ ಹೊಳೆಯಾಚೆಗೆ ಸ್ವಾತಂತ್ರ್ಯ ಬಂತು, ಈಚೆಗೆ ನಿಜಾಮನ ರಾಜ್ಯ ಹಾಗೇ ಉಳಿಯಿತು. "ಆ ಕಡಿ ಗಾಳಿ ಹ್ಯಾಂಗದ ನೋಡ್ಕೊಂಡು ಬರ್ತೇನಿ" ಎಂದು ತುಂಬಿದ ಭೀಮೆಯಲ್ಲಿ ತೆಪ್ಪ ಹತ್ತಿದ. ಇಡೀ ಊರು ದಂಡೆಯಲ್ಲಿ ಕಾದಿತ್ತು. ಮರಳಿ ಬಂದು ಇಳಿದವನೇ ಸೀಟಿ ಹೊಡೆಯುತ್ತ ಕುಸಿದು ಕೂತು, "ಅಲ್ಲೂ ದಮ್ಮು ಹತ್ತತದ್ರಪ್ಪಾ" ಎಂದು ವರದಿ ಕೊಟ್ಟ.

ಇಂಥವನನ್ನು ಮಣ್ಣು ಮಾಡುವುದು ಸಲೀಸಾದೀತೇ? ಅವನ ಅಣ್ಣ ಹಣಮಂತ್ರಾಯ ಉದ್ದನೆಯ ಕುಣಿ ತೋಡಿಸಿ, ಚಟ್ಟ ಕಟ್ಟಿಸಿ, ಎತ್ತಲು ಹೋದರೆ ಹೆಣ ಕೂತ ಭಂಗಿಯಲ್ಲೇ ಸೆಟೆದು ಹೋಗಿತ್ತು. ಮೊಣಕಾಲು ಒತ್ತಿದರೆ ತಲೆ ಏಳುತ್ತಿತ್ತು, ತಲೆ ಒತ್ತಿದರೆ ಮೊಣಕಾಲು ಏಳುತ್ತಿದ್ದವು. ಕೊನೆಗೆ ಬಂಡಿಯಲ್ಲಿ ಕೂರಿಸಿಯೇ ತಂದರು. ದಾರಿಯಲ್ಲಿ ಎದುರಾದ ಒಬ್ಬ ಮುದುಕ "ಎಲ್ಲಿಗೆ ಹೊಂಟೀ ಖಂಡಪ್ಪ?" ಎಂದು ಕೇಳಿ, ಉತ್ತರ ಬಾರದ್ದಕ್ಕೆ ಸಿಟ್ಟಾಗಿ ಹೋದ.

ಕುಣಿಯ ಹತ್ತಿರ ಮತ್ತೆ ಒತ್ತಾಟ ಶುರುವಾದಾಗ ನಿಂಬೆವ್ವ ಚೀರಿದಳು. "ಮಲಗಸಬ್ಯಾಡ್ರಿ! ಮಲಗಸಿದ್ರ ಅವರಿಗಿ ಉಸಿರು ಕಟ್ಟತದ್ರಿ!"

"ಯಾವ ಉಸಿರು ಬೇ? ಸತ್ತಾನ ಅವ!" ಅಂದ ಹಣಮಂತ್ರಾಯ.

"ಸತ್ತಾರಂತ ನನಗ ಗೊತ್ತದ್ರಿ ಭಾವಾರೆ. ಸತ್ತವರಿಗಿ ತ್ರಾಸ ಕೊಡಬೇಕಂತ ಎಲ್ಲದ?"

ಹಣಮಂತ್ರಾಯ ಪದ್ಧತಿಯ ಮೊರೆ ಹೊಕ್ಕ. "ಕುಂದರಸಿ ಹುಗಿಯೂದು ಲಿಂಗವಂತರಿಗಿ, ಸ್ವಾಮಿಗೋಳಿಗಿ. ನಮ್ಮ ಮಂದ್ಯಾಗ ಮಲಗಸೂದೇ. ಕುಂದರಸಿದ್ರ ನಾಳಿಗಿ ಅದು ಗದ್ದಗಿ ಆಗತದ, ಮಂದಿ ಕಾಯಿ-ಕರ್ಪೂರ ಹಿಡಕೊಂಡು ಬರ್ತಾರ. ನನ್ನ ತಮ್ಮ ದೇವರಲ್ಲವ್ವಾ, ಬಾರಿಹಣ್ಣಿನ ಕಳ್ಳ!"

ನಿಂಬೆವ್ವ ಸೆರಗು ಸೊಂಟಕ್ಕೆ ಸಿಗಿಸಿ ಕುಣಿಗೆ ಇಳಿದು ಕೂತೇಬಿಟ್ಟಳು. "ಹೊಲದಾಗ ಕಂಬ ಇರಲಿಲ್ಲ. ಅಲ್ಲಿ ನನ್ನ ಬೆನ್ನಿಗಿ ಬೆನ್ನು ಕೊಟ್ಟು ನಿದ್ದಿ ಮಾಡ್ಯಾರ. ಇಲ್ಲೂ ಕಂಬ ಇಲ್ಲ. ನನ್ನ ಬೆನ್ನಿಗೇ ಆನಿಸ್ರಿ, ಆಮ್ಯಾಲ ಇಬ್ಬರಿಗೂ ಮಣ್ಣು ಎಳೀರಿ."

ರಜಾಕಾರರು ಬರುತ್ತಾರೆಂದು ಊರಲ್ಲಿ ಗುಲ್ಲಿದ್ದ ದಿನಗಳು. ಹೊತ್ತು ಮುಳುಗುವುದರೊಳಗೆ ಎಲ್ಲರೂ ಮನೆ ಸೇರಿ ಅಗಳಿ ಹಾಕಬೇಕು. ಮಂದಿ ಪಡುವಣದ ಕಡೆ ನೋಡತೊಡಗಿದರು. ಅಲ್ಲಿಯವರೆಗೆ ಒಂದು ಕಡೆ ಕೂತು ಅಳುತ್ತಿದ್ದ ಲಾಲಸಾಬ ಎದ್ದು, ಗುದ್ದಲಿ ಹಿಡಿದು ಕುಣಿಗೆ ಇಳಿದ. "ಜರಾ ಸರೀರಿ ಅತ್ತಗಿ. ನೀವು ಕುಂತಲ್ಲೇ ಆಳ ಮಾಡಬೇಕು. ಬೆನ್ನಿಗಿ ಕಂಬ ಆದ್ರ ನಡೀತದಲ್ಲ?"

ಹತ್ತಿರದಲ್ಲಿ ಕಂಬ ಎಲ್ಲಿಂದ ಬರಬೇಕು! ಬಂಡಿಯ ನೊಗವನ್ನೇ ಬಿಚ್ಚಿ ನೆಟ್ಟಗೆ ನಿಲ್ಲಿಸಿದರು. ಖಂಡಪ್ಪ ಅದಕ್ಕೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಎಂದಿನಂತೆ ಕೂತ. "ಈಗ ಆರಾಮ ನೋಡ್ರಿ" ಎಂದು ಕುಣಿಯಿಂದ ಮೇಲೆ ಬಂದ ನಿಂಬೆವ್ವ ಅತ್ತಳು. ಮಣ್ಣು ಮುಚ್ಚಿದ ಮೇಲೆ ನೊಗದ ತುದಿ ಮೊಳದಷ್ಟು ಹೊರಗೇ ಉಳಿಯಿತು. ಬಂಡಿಯನ್ನು ನೊಗವಿಲ್ಲದೆ ಎಳೆದು ತರಬೇಕಾದ ಗಂಡಸರು ಊರು ಮುಟ್ಟುವವರೆಗೂ ಖಂಡಪ್ಪನನ್ನು ಬೈದರು.

ಮಳೆಗಾಲದ ಕೊನೆಗೆ ಪೊಲೀಸ್ ಕಾರ್ಯಾಚರಣೆಯಾಯಿತು, ನಿಜಾಮನ ರಾಜ್ಯ ಮುಗಿಯಿತು. ಆಗ ಹೆದರಿಕೆ ಮಗ್ಗಲು ಬದಲಿಸಿತು, ಅಗಳಿ ಹಾಕುವ ಸರದಿ ಮುಸಲ್ಮಾನರ ಮನೆಗಳದ್ದಾಯಿತು. ಲಾಲಸಾಬ ನಿಂಬೆವ್ವನ ಒಳಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಅಡಗಿ ಕೆಲವು ದಿನ ಕಳೆದ. ಕಾಲು ಚಾಚಲೂ ಜಾಗವಿರಲಿಲ್ಲ. "ಇಡೀ ಜಿಂದಗಿ ಕುಂತು ಹ್ಯಾಂಗ ಕಳದನೋ ಅತ್ತಗಿ, ಮ್ಯಾಲ ಹಾಡು ಬ್ಯಾರೆ" ಅಂದ. ನಿಂಬೆವ್ವನ ಪಾಡು ಇದಕ್ಕೆ ತಿರುವುಮುರುವು. ಅವಳಿಗೆ ಈಗ ಚಾಚಿ ಮಲಗಲು ಇಡೀ ಪಡಸಾಲೆ ಇತ್ತು, ನಿದ್ದೆ ಇರಲಿಲ್ಲ. ಬೆನ್ನಿಗೆ ಬೆನ್ನು ಇಲ್ಲ, ಕಿವಿಗೆ ಸೀಟಿ ಇಲ್ಲ. ಆ ಸದ್ದಿಲ್ಲದ ಮನೆ ಅವಳನ್ನು ತಿಂದು ಹಾಕುತ್ತಿತ್ತು.

ಅಷ್ಟರಲ್ಲಿ ರಜಾಕಾರರಿಗೆ ಹೆದರಿ ಹೊಳೆಯಾಚೆ ಓಡಿಹೋಗಿದ್ದ ಮಂದಿ ಮರಳಿ ಬಂದು, ಗುಂಡನೆಯ ದಿಬ್ಬವನ್ನೂ ಅದರ ಮೇಲೆ ಎದ್ದ ಕಟ್ಟಿಗೆಯನ್ನೂ ಕಂಡರು. ಯಾರು ಅಂದರೆ ದಮ್ಮಿನ ಖಂಡಪ್ಪ ಅಂದರು. ಹೆಂಗದಾನ ಅಂದರೆ ಕುಂತಾನ ಅಂದರು. ಸಾಕಲ್ಲ! ನೊಗಕ್ಕೆ ಕುಂಕುಮ ಬಿತ್ತು, ಹಸಿರು ಬಟ್ಟೆ ಸುತ್ತಿಕೊಂಡಿತು, 'ದಮ್ಮಿನ ಮುತ್ಯಾ', ಅಂದರೆ ದಮ್ಮಿನ ಅಜ್ಜ, ಎಂದು ಹೆಸರಾಯಿತು. ಕಾಯಿ ಒಡೆಯಲು ಕೂತವನು ಯಾರು ಗೊತ್ತೇ? ಅದೇ ಹಣಮಂತ್ರಾಯ! ಹಣೆತುಂಬ ವಿಭೂತಿ ಬಳಿದುಕೊಂಡು, ದಮ್ಮಿನವರು ಬಂದರೆ ಪಥ್ಯ ಹೇಳುತ್ತಿದ್ದ.

ಚಳಿ ಶುರುವಾದಾಗ ನೆಲೋಗಿಯಿಂದ ಗಂಗುಬಾಯಿ ಎಂಬಾಕೆ ದಮ್ಮಿನ ಮಗಳನ್ನು ಬಂಡಿಯಲ್ಲಿ ಕರೆತಂದಳು. ಹುಡುಗಿ ಬಡಕಲು, ಆದರೆ ಕಣ್ಣು ಚುರುಕು. ನಿಂಬೆವ್ವ ದಿಬ್ಬಕ್ಕೆ ನೀರು ಚಿಮುಕಿಸುತ್ತಿದ್ದಳು.

"ಮುತ್ಯಾನ ಅಪ್ಪಣಿ ಕೇಳವ್ವ," ಅಂದ ಹಣಮಂತ್ರಾಯ. "ಹುಳಿ ಮುಟ್ಟಬಾರದು. ನೀರಾಗ ಇಳೀಬಾರದು. ಹಾಡಬಾರದು. ಮುತ್ಯಾ ಹಂಗೇ ಇದ್ದ, ಭಾಳ ನೇಮದ ಮನಿಷ್ಯಾ."

ನಿಂಬೆವ್ವನ ಕೈಯ ಚೆಂಬು ದೊಪ್ಪನೆ ಬಿತ್ತು. ಹೂಳುವಾಗ ಮಲಗಿಸಲು ನೋಡಿದವರು ಈಗ ಹೂಳಿದ ಮೇಲೆ ಉಸಿರು ಕಟ್ಟಿಸುತ್ತಿದ್ದಾರೆ ಅನ್ನಿಸಿತು. "ನೇಮಾ? ಯಾರಪ್ಪನ ನೇಮಾ ಭಾವಾರೆ! ಕಳ್ಳನ್ನ ಕಳ್ಳ ಅನ್ರಿ. ದೇವರು ಮಾಡಿ ಕೊಲ್ಲಬ್ಯಾಡ್ರಿ ನನ್ನ ಗಂಡನ್ನ!" ಬೇಲಿಯ ಬಾರಿಗಿಡ ಅಲುಗಿಸಿ, ಉಡಿತುಂಬ ಹಣ್ಣು ತಂದು ಹುಡುಗಿಯ ಮುಂದೆ ಸುರಿದಳು. "ತಿನ್ನವ್ವಾ. ಇದೇ ಮುತ್ಯಾನ ಪ್ರಸಾದ."

ಗಂಗುಬಾಯಿ "ಅಯ್ಯೋ" ಅನ್ನುವುದರೊಳಗೆ ಹುಡುಗಿ ಮುಖ ಕಿವುಚಿ, ನಾಲಗೆ ಚಪ್ಪರಿಸಿ, ಇನ್ನೊಂದಕ್ಕೆ ಕೈ ಹಾಕಿದ್ದಳು. ಜೀವನದಲ್ಲಿ ಮೊದಲ ಸಲ ತಿಂದದ್ದು. ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮಿ ದಿಬ್ಬದ ಪಕ್ಕ ಕುಸಿದು ಕೂತಳು. ಅವಳ ಎದೆಯಿಂದ ಸಣ್ಣಗೆ ಸೀಟಿ ಹೊರಟಿತು.

ನಿಂಬೆವ್ವನ ಕಿವಿಗೆ ಆ ಸೀಟಿ ಬಿತ್ತು. ಆಮೇಲೆ ಮೆಲ್ಲಗೆ ಹೋಗಿ ಹುಡುಗಿಯ ಹಿಂದೆ ಕೂತು, ಅವಳ ಬೆನ್ನಿಗೆ ತನ್ನ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಗದ್ದವನ್ನು ಎದೆಗೆ ಆನಿಸಿದಳು.

ಸ್ವಲ್ಪ ಹೊತ್ತಾದರೂ ಅವಳು ಅಲುಗಾಡದ್ದನ್ನು ಕಂಡು ಹಣಮಂತ್ರಾಯನ ವಿಭೂತಿ ಬೆವೆತಿತು. ಈ ಮನೆಯವರು ಕೂತು ಸುಮ್ಮನಾದರೆ ಏನರ್ಥ ಅಂತ ಅವನಿಗೆ ಗೊತ್ತಿತ್ತು. "ಯವ್ವಾ ನಿಂಬೆವ್ವಾ!" ಎಂದು ಓಡಿ ಬಂದ.

ಹುಡುಗಿ ಹುಳಿ ಮೆತ್ತಿದ ಬೆರಳನ್ನು ತುಟಿಗಿಟ್ಟು 'ಶ್' ಅಂದಳು. ಬೆನ್ನ ಹಿಂದೆ ನಿಂಬೆವ್ವ ಗೊರಕೆ ಹೊಡೆಯುತ್ತಿದ್ದಳು.